ಹಗ್ಗದ ಪಾಲು

ಅವಳ ಅಂಗೈ ಊರಿನ ಗೋಡೆಗಳಿಗೆಲ್ಲ ಅಂಟಿಕೊಂಡಿತ್ತು. ಬಸ್ ನಿಲ್ದಾಣದಲ್ಲಿ, ಔಷಧಿ ಅಂಗಡಿಯ ಗಾಜಿನ ಮೇಲೆ, ಶಾಲೆಯ ಕಾಂಪೌಂಡಿಗೆ, ಕ್ಷೌರದಂಗಡಿಯ ಬಾಗಿಲಿಗೆ. ಬೆರಳ ಬುಡದಲ್ಲಿ ಜಡ್ಡುಗಟ್ಟಿದ ನಾಲ್ಕು ಗಡ್ಡೆ, ಅಡ್ಡಕ್ಕೆ ಹಗ್ಗ ಕೊರೆದ ಗೆರೆ, ಹೆಬ್ಬೆರಳ ಪಕ್ಕ ಕಪ್ಪಗೆ ಸತ್ತ ಚರ್ಮ. ಕೆಳಗೆ ಕೆಂಪು ಅಕ್ಷರ: ಸಣ್ಣ ದೋಣಿ ಉಳಿಸಿ, ಈ ಕೈ ಉಳಿಸಿ. ಚಿತ್ರ ಮಣಿಕಟ್ಟಿಗೇ ಮುಗಿದಿತ್ತು. ಮುಖ ಇರಲಿಲ್ಲ.

"ಮುಖ ಯಾಕೆ ಹಾಕ್ಲಿಲ್ಲ ಮೇಷ್ಟ್ರೇ?" ಎಂದು ಅವಳು ಕೇಳಿದ್ದಳು.

"ಮುಖ ಹಾಕಿದ್ರೆ ಒಬ್ಬಳ ಕಥೆ ಆಗುತ್ತಮ್ಮ. ಕೈ ಹಾಕಿದ್ರೆ ಎಲ್ಲರದೂ ಆಗುತ್ತೆ," ಎಂದಿದ್ದರು ಮೇಷ್ಟ್ರು. ಅವರು ಪಾಠ ಹೇಳಿ ನಿವೃತ್ತಿಯಾದವರು. ತಾಜಾ ಮೀನು ಅಂದರೆ ಪ್ರಾಣ. ಮಾತು ಚೆನ್ನಾಗಿತ್ತು, ಅವಳು ನಂಬಿದಳು. ಚೆಂದದ ಮಾತು ಕೇಳಿದರೆ ನಂಬಿಬಿಡುವ ಚಾಳಿ ಆಗ ಅವಳಿಗಿತ್ತು.

ದಂಡೆಯಲ್ಲಿ ಅವಳನ್ನು ಎಲ್ಲರೂ ಹಗ್ಗದಕ್ಕ ಎನ್ನುತ್ತಿದ್ದರು. ದೋಣಿ ಎಳೆಯುವ ದೊಡ್ಡ ಹಗ್ಗ ಇರುತ್ತಿದ್ದದ್ದು ಅವಳ ಮನೆಯಲ್ಲಿ. ಮನೆಯೆಂದರೆ ಒಂದು ಕೋಣೆ. ಅರ್ಧ ಕೋಣೆ ಹಗ್ಗಕ್ಕೆ, ಉಳಿದರ್ಧ ಅವಳಿಗೂ ಅವಳ ಅತ್ತೆಗೂ. ಗಂಡ ದೊಡ್ಡ ಹಡಗಿನ ಕೆಲಸಕ್ಕೆಂದು ದೂರದ ರೇವಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. "ನನ್ನ ಮಗ ನ್ಯಾಯವಂತ ಕಣೇ. ಹೆತ್ತವಳು, ಕಟ್ಕೊಂಡವಳು ಅಂತ ಭೇದ ಮಾಡದೆ ಇಬ್ಬರನ್ನೂ ಒಂದೇ ದಿನ ಬಿಟ್ಟ," ಎಂದು ಅತ್ತೆ ಬೊಚ್ಚು ಬಾಯಿ ತೆರೆದು ನಗುತ್ತಿದ್ದಳು.

ಆ ದಂಡೆಯಲ್ಲಿ ದೋಣಿ ಕಟ್ಟಲು ಕಟ್ಟೆಯಿಲ್ಲ. ಎಂಟು ದೋಣಿಗಳು ಬೆಳಗಿನ ಹೊತ್ತು ಒಂದರ ಹಿಂದೊಂದು ಅಲೆ ಸೀಳಿಕೊಂಡು ಬರುತ್ತವೆ. ಅಲೆ ಎತ್ತಿ ಎಸೆಯುವ ಜಾಗದಲ್ಲೇ ಮೂತಿಗೆ ಹಗ್ಗ ಬಿಗಿಯಬೇಕು. ತಡವಾದರೆ ದೋಣಿ ಅಡ್ಡ ತಿರುಗುತ್ತದೆ, ಹಲಗೆ ಒಡೆಯುತ್ತದೆ. ಎಳೆಯುವವರು ಹದಿಮೂರು ಹೆಂಗಸರು. ಹಗ್ಗ ಹೆಗಲಿಗೆ, ಹಿಮ್ಮಡಿ ಮರಳಿಗೆ. ಎಳೆ. ನಿಲ್ಲು. ಕೆಳಗೆ ದುಂಡು ಮರ ಸರಿಸು. ಮತ್ತೆ ಎಳೆ. ಎಲ್ಲಕ್ಕಿಂತ ಮುಂದೆ, ಹಗ್ಗದ ತುದಿಯಲ್ಲಿ ಹಗ್ಗದಕ್ಕ. ಅವಳು ಕೂಗಿದಾಗ ಹೆಜ್ಜೆ, ಕೂಗದಿದ್ದಾಗ ಉಸಿರು. ಹದಿಮೂರರಲ್ಲಿ ಇಬ್ಬರಿಗೆ ಗರ್ಭಕೋಶ ಜಾರಿದೆ. ಬಟ್ಟೆ ಬಿಗಿದು ಕಟ್ಟಿಕೊಂಡು ಬರುತ್ತಾರೆ. ಒಬ್ಬಳು ಎಳೆಯುತ್ತಲೇ ಬಸುರು ಕಳೆದುಕೊಂಡಳು. ಮರಳು ಎರಚಿ ಮುಚ್ಚಿ, ಮುಂದಿನ ದೋಣಿ ಎಳೆದರು.

ಇದಕ್ಕೆ ಕೂಲಿಯಿಲ್ಲ. ಪಾಲು ಇದೆ. ದೋಣಿಯ ಮೂತಿ ಒಣ ಮರಳು ಮುಟ್ಟುವಾಗ ಯಾರ್ಯಾರ ಕೈ ಹಗ್ಗದ ಮೇಲಿದೆಯೋ ಅವರಿಗೆಲ್ಲ ಮೀನಿನ ಪಾಲು. ದೋಣಿಗೊಂದು ಬುಟ್ಟಿ, ಎಲ್ಲರಿಗೂ ಸಮ. ನೀನೆಷ್ಟು ಎಳೆದೆ ಎಂದು ಯಾರೂ ಕೇಳುವಂತಿಲ್ಲ. ಜ್ವರದವಳು ಸುಮ್ಮನೆ ಮುಟ್ಟಿದರೂ ಸರಿ. ಅತ್ತೆಗೆ ಸೊಂಟ ಬಿದ್ದು ಆರು ವರ್ಷ. ಕೋಲೂರಿಕೊಂಡು ಬಂದು ಹಗ್ಗದ ಮೇಲೆ ಎರಡು ಬೆರಳಿಡುತ್ತಿದ್ದಳು. "ಎರಡೇ ಬೆರಳಲ್ಲಿ ದೋಣಿ ಎಳೆಯೋ ಪೈಲ್ವಾನಿ ನಾನು," ಎನ್ನುತ್ತಿದ್ದಳು. ಅವಳನ್ನು ಸೇರಿಸಿಯೇ ಹದಿಮೂರು. ಆ ಪಾಲನ್ನು ಹೊತ್ತು ಬೀದಿ ಬೀದಿ ಮಾರಿದರೆ ಹದಿಮೂರು ಮನೆಗಳ ಒಲೆ ಉರಿಯುತ್ತಿತ್ತು. ಬೇರೆ ಯಾವ ದಾರಿಯೂ ಇರಲಿಲ್ಲ.

ಇನ್ನೊಂದು ಕಟ್ಟುಪಾಡಿತ್ತು. ಹಗ್ಗ ಹಿಡಿದು ಹೇಳಿದ ಮಾತಿಗೆ ತಪ್ಪುವಂತಿಲ್ಲ. ಮದುವೆಯ ಮಾತು, ಜಗಳದ ರಾಜಿ, ಬೇಲಿಯ ಗಡಿ, ಎಲ್ಲ ಹಗ್ಗ ಹಿಡಿದೇ ತೀರ್ಮಾನ. ಕಾಗದ ಯಾರಿಗೆ ಬೇಕು?

ಅವರು ಮಾಡಿದ ತಪ್ಪು ಅದೇ.

ದೂರದ ರೇವಿನ ದೊಡ್ಡ ಬೋಟುಗಳು ದಂಡೆಯ ಹತ್ತಿರಕ್ಕೇ ಬಂದು ಕಡಲ ತಳ ಬಾಚತೊಡಗಿದ್ದವು. ಸಣ್ಣ ದೋಣಿಯವರಿಗೆ ಬಲೆ ತೊಳೆದದ್ದಷ್ಟೇ ಲಾಭ ಎನ್ನುವ ಹಾಗಾಯಿತು. ಆಗ ಮೇಷ್ಟ್ರು ಊರವರನ್ನು ಸೇರಿಸಿದರು. ನಮ್ಮ ದೋಣಿ, ನಮ್ಮ ಮೀನು, ನಾವೇ ಉಳಿಸಿಕೊಳ್ಳೋಣ ಎಂದರು. ದೋಣಿ ಎಳೆಯುವ ಯಂತ್ರ ತರುವುದು, ಮಂಜುಗಡ್ಡೆಯ ಕೋಣೆ ಕಟ್ಟುವುದು, ಅದಕ್ಕೆ ಊರೆಲ್ಲ ಚಂದಾ ಎತ್ತುವುದು ಎಂದಾಯಿತು. ದೋಣಿ ಮಾಲೀಕರ ಸಂಘದ ಅಧ್ಯಕ್ಷ ಹಗ್ಗದಕ್ಕನ ಒಡಹುಟ್ಟಿದ ಅಣ್ಣ. ಅವನೇ ದಂಡೆಗೆ ಬಂದು ಹೆಂಗಸರನ್ನು ಕೂರಿಸಿಕೊಂಡ.

"ನಾವು ಗಂಡಸರು ಡಬ್ಬಿ ಹಿಡಿದು ಹೋದ್ರೆ ಜನ ಬಾಗಿಲು ಹಾಕ್ಕೋತಾರೆ. ನೀವು ಹೋಗ್ಬೇಕು. ನಿಮ್ಮ ಕೈ ನೋಡಿದ್ರೆ ಕಲ್ಲೂ ಕರಗುತ್ತೆ."

"ಯಂತ್ರ ಬಂದ್ಮೇಲೆ ನಮ್ಮ ಪಾಲು?" ಎಂದು ಕೇಳಿದವಳು ಅತ್ತೆ. ಮುದುಕಿಗೆ ಸೊಂಟ ಬಿದ್ದಿತ್ತು, ಬುದ್ಧಿಯಲ್ಲ.

"ಛೇ, ಏನಮ್ಮಾ ನೀವು! ಯಂತ್ರ ಮೀನು ತಿನ್ನುತ್ತಾ? ನಿಮ್ಮ ಬೆನ್ನು ಉಳೀಲಿ ಅಂತ ತಾನೇ ಇದೆಲ್ಲ." ಅವನು ಎದ್ದು ಬಂದು, ಸುರುಳಿ ಸುತ್ತಿದ್ದ ಹಗ್ಗದ ಮೇಲೆ ಕೈಯಿಟ್ಟ. "ಹಗ್ಗ ಹಿಡಿದು ಹೇಳ್ತಿದೀನಿ. ಎಳೆಯೋ ಕೆಲಸ ಹೋಗುತ್ತೆ, ಪಾಲು ಹೋಗಲ್ಲ."

ಹದಿಮೂರು ಜನ ಕೇಳಿಸಿಕೊಂಡರು. ಮುಗಿಯಿತು.

ಮೂರು ತಿಂಗಳು ಅವಳು ಡಬ್ಬಿ ಹಿಡಿದು ಅಲೆದಳು. ಬೆಳಿಗ್ಗೆ ದೋಣಿ, ಮಧ್ಯಾಹ್ನ ಮೀನಿನ ಬುಟ್ಟಿ, ಸಂಜೆ ಡಬ್ಬಿ. ಹೆಗಲ ಮೇಲೆ ಹಗ್ಗದ ಒಂದು ಸುತ್ತು ಹಾಕಿಕೊಂಡು ಹೋಗಬೇಕೆಂದು ಮೇಷ್ಟ್ರು ಹೇಳಿದ್ದರು, ಹಾಗೇ ಹೋದಳು. ಆಸ್ಪತ್ರೆಯ ಮೆಟ್ಟಿಲು ಹತ್ತಿದಳು. ಶಾಲೆಯಲ್ಲಿ ಮಕ್ಕಳ ಮುಂದೆ ನಿಂತಳು. ಬ್ಯಾಂಕಿನಲ್ಲಿ ಒಬ್ಬ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಡಬ್ಬಿಗೆ ನೋಟು ಹಾಕಿದ. ನೀಲಿ ಗೇಟಿನ ಮಹಡಿ ಮನೆಯ ಅಮ್ಮ ಗೇಟು ತೆಗೆಯಲಿಲ್ಲ. ಸರಳಿನ ಆಚೆಯಿಂದಲೇ, "ಕೈ ಒಳಗೆ ಚಾಚಮ್ಮಾ, ಮಕ್ಕಳು ನೋಡ್ಲಿ," ಎಂದಳು. ಹಗ್ಗದಕ್ಕ ಸರಳಿನ ಸಂದಿಯಿಂದ ಕೈ ತೂರಿಸಿದಳು. ಮಕ್ಕಳು ಮುಟ್ಟಿ ನೋಡಿದವು. ಒಂದು ಮಗು ಗಡ್ಡೆಯನ್ನು ಉಗುರಿನಿಂದ ಕೆರೆಯಿತು. "ನೋವಾಗಲ್ವಾ?" ಎಂದಿತು. "ಓದದೇ ಇದ್ರೆ ಹೀಗಾಗುತ್ತೆ, ನೋಡ್ಕೊಳ್ಳಿ," ಎಂದಳು ಅಮ್ಮ. ಆಮೇಲೆ ಧಾರಾಳವಾಗಿಯೇ ಕೊಟ್ಟಳು.

ಆ ದಿನ ಹಗ್ಗದಕ್ಕ ಮನೆಗೆ ಬಂದು ಅರ್ಧ ಗಂಟೆ ಕೈ ತೊಳೆದಳು. ಅವಮಾನ ತೊಳೆದರೆ ಹೋಗುವಂಥದ್ದಲ್ಲ. ಪಾಲು ಉಳಿಯುತ್ತದಲ್ಲ, ಬೆನ್ನು ಉಳಿಯುತ್ತದಲ್ಲ ಎಂದು ನುಂಗಿಕೊಂಡಳು. ಮಾರನೆಯ ದಿನ ಮುಂದಿನ ಬೀದಿಗೆ ಹೋದಳು.

ಡಬ್ಬಿ ತುಂಬಿತು. ಯಂತ್ರ ಬಂತು. ಮರಳಿನ ಮೇಲ್ಭಾಗದಲ್ಲಿ ಸಿಮೆಂಟಿನ ಕಟ್ಟೆ ಕಟ್ಟಿ ಕೂರಿಸಿದರು. ಹಸಿರು ಬಣ್ಣದ ಎಂಜಿನ್, ಅದರ ಮುಂದೆ ಆಳೆತ್ತರದ ಉರುಳೆ, ಉರುಳೆಗೆ ಸುತ್ತಿದ ಉಕ್ಕಿನ ತಂತಿ. ಪಕ್ಕದಲ್ಲೇ ಮಂಜುಗಡ್ಡೆಯ ಕೋಣೆ. ಹೆಂಗಸರು ಸುತ್ತಲೂ ನಿಂತು ಯಂತ್ರವನ್ನು ಮುಟ್ಟಿ ಮುಟ್ಟಿ ನೋಡಿದರು. ಗರ್ಭಕೋಶ ಜಾರಿದವಳೊಬ್ಬಳು ಅದನ್ನು ತಟ್ಟಿ, "ಮಗನೇ, ನೀನು ಇಪ್ಪತ್ತು ವರ್ಷ ಮುಂಚೆ ಹುಟ್ಟಬಾರದಿತ್ತೇನೋ," ಎಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಉದ್ಘಾಟನೆಗೆ ಎರಡು ದಿನವಿರುವಾಗ ಅಣ್ಣ ಅವಳ ಮನೆಗೆ ಬಂದ. ಕೈಯಲ್ಲಿ ಬಿಳಿ ಟೀ ಶರ್ಟುಗಳ ಕಟ್ಟು. ಎಲ್ಲದರ ಎದೆಯ ಮೇಲೂ ಅದೇ ಅಂಗೈ.

"ಹದಿಮೂರು ಜನಾನೂ ಇದನ್ನೇ ಹಾಕ್ಕೊಂಡು ಬರ್ಬೇಕು. ಹೊರಗಿಂದ ದೊಡ್ಡವರು ಬರ್ತಾರೆ. ಈ ಹಗ್ಗಾನೂ ಕೊಡು, ಮಂಜಿನ ಕೋಣೆ ಗೋಡೆ ಮೇಲೆ ನೇತು ಹಾಕ್ತೀವಿ. ನೆನಪಿಗೆ."

ಅವನ ಆಳುಗಳು ಹಗ್ಗ ಹೊತ್ತುಕೊಂಡು ಹೋದರು. ಕೋಣೆಯ ಅರ್ಧ ಖಾಲಿಯಾಯಿತು. ಅಣ್ಣ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ, ಮರೆತಿದ್ದು ನೆನಪಾಯಿತು ಎಂಬಂತೆ ಹೇಳಿದ.

"ಅಂದ ಹಾಗೆ, ನಾಡಿದ್ದಿಂದ ಪಾಲಿನ ಬುಟ್ಟಿ ಇರಲ್ಲ ಕಣೇ. ಸಂಘದಲ್ಲಿ ತೀರ್ಮಾನ ಆಯ್ತು. ಯಂತ್ರಕ್ಕೆ ಎಣ್ಣೆ, ನಡೆಸೋನಿಗೆ ಸಂಬಳ, ಎಲ್ಲ ಬರ್ಬೇಕಲ್ಲ. ನಿಮಗೆ ಅನ್ಯಾಯ ಆಗೋಕೆ ಬಿಡಲ್ಲ. ಮೀನು ಕೊಂಡುಕೊಳ್ಳೋಕೆ ಮೊದಲ ಸಾಲಲ್ಲಿ ನಿಲ್ಲಿಸ್ತೀವಿ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. "ಕೊಂಡುಕೊಳ್ಳೋಕಾ? ಹಗ್ಗ ಹಿಡಿದು ಹೇಳಿದ್ದೆ ನೀನು."

"ಹೇಳಿದ್ದೆ. ಈಗ ಹಗ್ಗವೇ ಇಲ್ವಲ್ಲ. ತಂತಿ ಬಂತು. ಹಗ್ಗದ ಕಾಲದ ಮಾತು ಹಗ್ಗದ ಜೊತೆ ಹೋಯ್ತು." ಅವನು ನಕ್ಕ. ತಂಗಿಯ ತಲೆ ಸವರಲು ಬಂದ. ಅವಳು ಹಿಂದೆ ಸರಿದಳು.

ಚಿಕ್ಕವಳಿದ್ದಾಗ ಅಲೆಗೆ ಸಿಕ್ಕಿದವಳನ್ನು ಜುಟ್ಟು ಹಿಡಿದು ಎಳೆದು ತಂದವನು ಇವನೇ. ಆ ಕೈ ಈಗ ಅವಳ ಹೊಟ್ಟೆಯ ಮೇಲೆ ಹೊಡೆದಿತ್ತು. ಪರರಾಗಿದ್ದರೆ ಬೈದು ಹಗುರಾಗಬಹುದಿತ್ತು. ಇವನನ್ನು ಬೈದರೆ ತನ್ನ ತಾಯಿಗೇ ತಗಲುತ್ತದೆ. ಅವಳು ಖಾಲಿಯಾದ ಅರ್ಧ ಕೋಣೆಯಲ್ಲಿ ಕುಕ್ಕುರುಗಾಲಲ್ಲಿ ಕೂತಳು. ಸಿಟ್ಟು ಇನ್ನೂ ಬಂದಿರಲಿಲ್ಲ. ನಾಚಿಕೆ ಬಂತು. ತನ್ನ ಹೊಟ್ಟೆಯ ಮೇಲೆ ಹೊಡೆಯುವ ಯಂತ್ರಕ್ಕೆ ತಾನೇ ಮನೆಮನೆ ತಿರುಗಿ ದುಡ್ಡು ಬೇಡಿ ತಂದಿದ್ದಳಲ್ಲ!

ಮೇಷ್ಟ್ರ ಮನೆಗೆ ಓಡಿದಳು. ಅವರು ಸಮಾಧಾನವಾಗಿ ಕೇಳಿಸಿಕೊಂಡರು. ಚಹಾ ಕುಡಿಸಿದರು.

"ನೋಡಮ್ಮ, ನಾವು ದುಡ್ಡು ಎತ್ತಿದ್ದು ದೋಣಿ ಉಳಿಸೋಕೆ. ಪಾಲು ಗೀಲು ನಿಮ್ಮ ನಿಮ್ಮೊಳಗಿನ ವಿಷಯ. ಅದರಲ್ಲಿ ನಾನು ಬಾಯಿ ಹಾಕಿದ್ರೆ ಚೆನ್ನಾಗಿರುತ್ತಾ?"

"ಪೋಸ್ಟರಲ್ಲಿ ಈ ಕೈ ಉಳಿಸಿ ಅಂತ ಬರೆದೋರು ನೀವು ಮೇಷ್ಟ್ರೇ."

"ಅದು... ಒಂದು ಘೋಷಣೆ ಅಮ್ಮ," ಎಂದರು ಮೇಷ್ಟ್ರು. ಚಹಾದ ಲೋಟ ಖಾಲಿಯಾಗಿದ್ದರೂ ಮತ್ತೆ ಬಾಯಿಗಿಟ್ಟುಕೊಂಡರು. "ನಾಡಿದ್ದು ಬೇಗ ಬನ್ನಿ. ಫೋಟೋ ಇದೆ."

ಪಾಲು ನಿಲ್ಲುವ ಸುದ್ದಿ ಅಷ್ಟರಲ್ಲಿ ಎಲ್ಲರಿಗೂ ಮುಟ್ಟಿತ್ತು. ಉದ್ಘಾಟನೆಯ ಬೆಳಿಗ್ಗೆ ಹದಿಮೂರು ಜನವೂ ಹೋದರು. ಟೀ ಶರ್ಟು ಹಾಕಿಕೊಂಡಿರಲಿಲ್ಲ. ಅತ್ತೆ ತನ್ನದನ್ನು ಕೋಲಿನ ಹಿಡಿಗೆ ಸುತ್ತಿಕೊಂಡಿದ್ದಳು, ಕೈ ಜಾರದಿರಲಿ ಎಂದು. ಚಪ್ಪರದ ಕೆಳಗೆ ಕುರ್ಚಿಗಳು, ಕುರ್ಚಿಗಳಲ್ಲಿ ಊರಿನ ದೊಡ್ಡವರು. ಬ್ಯಾಂಕಿನವನು ಕರವಸ್ತ್ರ ತರುವುದನ್ನು ಮರೆತಿರಲಿಲ್ಲ. ಮಂಜುಗಡ್ಡೆಯ ಕೋಣೆಯ ಗೋಡೆಯ ಮೇಲೆ ಎರಡು ಮೊಳೆಗೆ ಹಗ್ಗ ನೇತಾಡುತ್ತಿತ್ತು. ಅಣ್ಣನೂ ಉಳಿದ ಏಳು ಮಾಲೀಕರೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು.

"ಇಲ್ಲಿ ನಿಂತ್ಕೊಳ್ಳಮ್ಮ, ಎರಡೂ ಕೈ ಹೀಗೆ ಮುಂದೆ ಚಾಚು," ಎಂದರು ಮೇಷ್ಟ್ರು.

ಹಗ್ಗದಕ್ಕ ಮುಷ್ಟಿ ಬಿಗಿದು ಕೈ ಕೆಳಗೆ ಬಿಟ್ಟುಕೊಂಡು ನಿಂತಳು. ಫೋಟೋದವನು ಕಾದು ಕಾದು ಕಡಲಿನ ಕಡೆ ತಿರುಗಿದ.

ಮೊದಲ ದೋಣಿ ಅಣ್ಣನದು. ಅಲೆ ಅದನ್ನು ಎತ್ತಿ ತಂದು ಕುಕ್ಕಿತು. ದೋಣಿಯಿಂದ ಇಬ್ಬರು ಧುಮುಕಿ ಮೂತಿಗೆ ಉಕ್ಕಿನ ತಂತಿಯ ಕೊಕ್ಕೆ ಸಿಕ್ಕಿಸಿದರು. ಕಟ್ಟೆಯ ಮೇಲೆ ಮೆಕ್ಯಾನಿಕ್ ಎಂಜಿನ್ ಹಚ್ಚಿದ. ಅವನು ದಿನದ ಸಂಬಳಕ್ಕೆ ಹೊರಗಿನಿಂದ ಬಂದ ಆಳು. ತಂತಿ ಮರಳಿನಿಂದ ಎದ್ದು ಬಿಗಿಯಾಯಿತು.

ಚಪ್ಪರದವರು ಚಪ್ಪಾಳೆ ತಟ್ಟುತ್ತಿರುವಾಗಲೇ ಅತ್ತೆ ಕೋಲೂರಿಕೊಂಡು ಕೆಳಗಿಳಿದಳು. ತಂತಿಯ ಹತ್ತಿರ ಹೋಗಿ ಅದರ ಮೇಲೆ ಎರಡು ಬೆರಳಿಟ್ಟಳು.

"ಎಣಿಸ್ಕೊಳ್ರೋ, ಒಂದು!" ಎಂದು ಕೂಗಿದಳು.

ಹಗ್ಗದಕ್ಕನೂ ನಡೆದಳು. ಎಲ್ಲಕ್ಕಿಂತ ಮುಂದೆ, ಉರುಳೆಯ ಕಡೆಗೆ, ತನ್ನ ಹಳೆಯ ಜಾಗದಲ್ಲಿ ನಿಂತು ತಂತಿ ಹಿಡಿದಳು. ಅವಳ ಹಿಂದೆ ಇನ್ನೂ ಹನ್ನೊಂದು ಜನ. ಮೆಕ್ಯಾನಿಕ್ ಎಂಜಿನ್ ತಗ್ಗಿಸಿದ. ಚಪ್ಪಾಳೆ ನಿಂತಿತು.

"ಏನಿದು?" ಅಣ್ಣ ಓಡಿ ಬಂದ. "ಮಾನ ಕಳೀಬೇಡ. ಬಿಡು."

"ದೋಣಿ ಒಣ ಮರಳಿಗೆ ಬರೋವಾಗ ಎಳೆಯೋದರ ಮೇಲೆ ಕೈಯಿದ್ರೆ ಪಾಲು. ನಿಮ್ಮಪ್ಪನೂ ಕೊಟ್ಟಿದ್ದಾನೆ, ನಮ್ಮಪ್ಪನೂ ಕೊಟ್ಟಿದ್ದಾನೆ. ಇಬ್ಬರೂ ಒಬ್ಬನೇ ತಾನೇ?"

"ಸಂಜೆ ಮಾತಾಡೋಣ. ದೊಡ್ಡವರು ನೋಡ್ತಿದಾರೆ."

"ನೋಡ್ಲಿ. ಅವರ ದುಡ್ಡು ತಂದೋಳು ನಾನು."

ಅಣ್ಣನ ಮುಖ ಕೆಂಪಾಯಿತು. ಅವನು ಕಟ್ಟೆಯ ಕಡೆ ತಿರುಗಿ ಕೈಯೆತ್ತಿದ. "ಓಡ್ಸು!"

"ಕೈ ಇದೆ ಸ್ವಾಮಿ," ಎಂದ ಮೆಕ್ಯಾನಿಕ್.

"ಅವಳು ಬಿಡ್ತಾಳೆ. ಓಡ್ಸು."

ಎಂಜಿನ್ ಗುಡುಗಿತು. ತಂತಿ ಚಲಿಸಿತು. ಹೆಂಗಸರು ಅದರ ಜೊತೆಗೇ ನಡೆದರು. ಹಿಡಿದೇ ನಡೆದರು, ಮೂವತ್ತು ವರ್ಷ ನಡೆದ ಹಾಗೆಯೇ. ಅತ್ತೆ ಎರಡು ಹೆಜ್ಜೆಗೇ ಮುಗ್ಗರಿಸಿ ಮರಳಿಗೆ ಬಿದ್ದಳು. ತಂತಿಯ ಸಿಬಿರು ಚುಚ್ಚಿ ಇಬ್ಬರ ಕೈಯಲ್ಲಿ ರಕ್ತ ಬಂತು. ಹಗ್ಗದಕ್ಕನ ಮುಂದೆ ಉರುಳೆ ತಿರುಗುತ್ತಿತ್ತು. ಹತ್ತು ಹೆಜ್ಜೆ. ಆರು. ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ನಾಲ್ಕು. ಅವಳು ಕತ್ತು ತಿರುಗಿಸಿ ಅಣ್ಣನನ್ನು ನೋಡಿದಳು. ನಿಲ್ಲಿಸು ಎನ್ನಲು ಅವನಿಗೆ ಒಂದು ಉಸಿರು ಸಾಕಿತ್ತು. ಅವನು ಚಪ್ಪರದ ಕಡೆ ಮುಖ ಮಾಡಿ ದೊಡ್ಡವರಿಗೆ ಹಲ್ಲು ಕಿರಿಯುತ್ತಿದ್ದ.

ಅವಳೊಳಗೆ ಅಣ್ಣ ಎನ್ನುವುದು ಸತ್ತದ್ದು ಆಗ.

ಎಂಜಿನ್ ನಿಂತಿತು. ಯಾರೂ ಹೇಳದೆಯೇ ಮೆಕ್ಯಾನಿಕ್ ನಿಲ್ಲಿಸಿದ್ದ. ಅವಳ ಬೆರಳಿಗೂ ಉರುಳೆಗೂ ನಡುವೆ ಒಂದು ಗೇಣು. ಅವನು ಕೀಲಿ ಕಿತ್ತು, ಕಟ್ಟೆಯಿಂದ ಹಾರಿ, ಅಣ್ಣನ ಕಾಲ ಬಳಿ ಎಸೆದ.

"ನೀವೇ ಓಡ್ಸಿಕೊಳ್ಳಿ. ನನಗೂ ತಂಗಿ ಇದಾಳೆ," ಎಂದವನೇ ರಸ್ತೆಯ ಕಡೆ ನಡೆದುಬಿಟ್ಟ.

ದೋಣಿ ಅರ್ಧ ನೀರಿನಲ್ಲಿ, ಅರ್ಧ ಒದ್ದೆ ಮರಳಿನಲ್ಲಿ ಸಿಕ್ಕಿಕೊಂಡಿತ್ತು. ಅಲೆ ಹಿಂದಿನಿಂದ ಬಡಿಯಿತು. ಹಿಂಭಾಗ ಅಡ್ಡ ತಿರುಗತೊಡಗಿತು. ಮರ ಕಿರುಗುಟ್ಟಿತು. ಆ ಯಂತ್ರ ನಡೆಸಲು ಮಾಲೀಕರಲ್ಲಿ ಒಬ್ಬನಿಗೂ ಬರುತ್ತಿರಲಿಲ್ಲ. ಸಂಬಳದ ಆಳಿಗೆ ಬರುತ್ತದಲ್ಲ ಎಂದು ಕಲಿಯದೆ ಬಿಟ್ಟಿದ್ದರು.

"ಎಳೀರೇ! ನಿಂತ್ಕೊಂಡು ಏನು ನೋಡ್ತೀರಿ? ಎಳೀರಿ, ಒಡೆದುಹೋಗುತ್ತೆ!" ಎಂದು ಅಣ್ಣ ಅರಚಿದ. ಆ ಕೂಗಿಗೆ ಹಗ್ಗದಕ್ಕನ ಕಾಲು ತಾನಾಗಿಯೇ ಮರಳಿನಲ್ಲಿ ಹೂತುಕೊಂಡಿತು. ದೇಹಕ್ಕೆ ಅಷ್ಟು ಅಭ್ಯಾಸವಾಗಿತ್ತು. ಹೆಗಲು ತಂತಿಯ ಕಡೆ ಬಾಗಿತು. ಅವಳು ಬಾಗಿದ ಹೆಗಲನ್ನು ನೆಟ್ಟಗೆ ಮಾಡಿಕೊಂಡಳು. ಅಷ್ಟಕ್ಕೇ ಮೈಯೆಲ್ಲ ಬೆವರಿತು.

ಅಣ್ಣ ಓಡಿ ಬಂದು ತಂತಿಯ ಮೇಲೆ ಕೈಯಿಟ್ಟ. "ಪಾಲು ಕೊಡ್ತೀನಿ. ಕೈ ಇಟ್ಟು ಹೇಳ್ತಿದೀನಿ, ನೋಡು. ಎಳಿ ತಂಗಿ."

"ಅದು ತಂತಿ," ಎಂದಳು ಅವಳು. "ಹಗ್ಗ ಗೋಡೆ ಮೇಲಿದೆ. ನೇತು ಹಾಕಿದೋನು ನೀನೇ."

ಅವಳು ತಂತಿ ಬಿಟ್ಟಳು. ಹನ್ನೊಂದು ಜನವೂ ಬಿಟ್ಟರು.

ಆಮೇಲೆ ಎಂಟು ಬಿಳಿ ಅಂಗಿಗಳು ತಂತಿಗೆ ಜೋತು ಬಿದ್ದವು. ಮರಳಿನಲ್ಲಿ ಜಾರಿದರು, ಒಬ್ಬರ ಮೇಲೊಬ್ಬರು ಬಿದ್ದರು. ಉಕ್ಕು ಅವರ ಮೆತ್ತನೆಯ ಅಂಗೈಗಳನ್ನು ಕೊಯ್ದಿತು. ಬಿದ್ದಲ್ಲೇ ಕೂತಿದ್ದ ಅತ್ತೆ ತಡೆಯಲಾರದೆ, "ಮರ ಹಾಕ್ರೋ ಕೆಳಗೆ, ಮುಂಡೇಗಂಡರಾ! ಎಳೆಯೋದು ಅಂದ್ರೆ ಮೀಸೆ ತಿರುವೋದು ಅಂದ್ಕೊಂಡ್ರಾ?" ಎಂದು ಕೂಗಿದಳು. ಕೊನೆಗೆ ದೋಣಿ ಒಣ ಮರಳಿಗೆ ಬಂತು. ಪಕ್ಕದ ಎರಡು ಹಲಗೆ ಬಿರಿದಿದ್ದವು. ಅಣ್ಣ ತನ್ನ ಅಂಗೈ ನೋಡಿಕೊಳ್ಳುತ್ತ ನಿಂತ. ಅದರ ಫೋಟೋ ಯಾರೂ ತೆಗೆಯಲಿಲ್ಲ.

ಹೆಂಗಸರು ಅತ್ತೆಯನ್ನು ಎಬ್ಬಿಸಿದರು. ಮಂಜುಗಡ್ಡೆಯ ಕೋಣೆಯ ಹತ್ತಿರ ಹೋಗಿ ಮೊಳೆಯಿಂದ ಹಗ್ಗ ಇಳಿಸಿದರು. ಮೇಷ್ಟ್ರು ಅಡ್ಡ ಬಂದರು. "ಅಮ್ಮಾ, ಅದು ಸಂಘದ ಆಸ್ತಿ. ಎಲ್ಲಿಗೆ ಒಯ್ತೀರಿ?"

"ನೀವೇ ತೋರಿಸಿದ ದಾರಿಗೆ," ಎಂದಳು ಹಗ್ಗದಕ್ಕ.

ಹಗ್ಗವನ್ನು ಪೂರ್ತಿ ಬಿಚ್ಚಿ ಹದಿಮೂರು ಹೆಗಲಿಗೆ ಹಾಕಿಕೊಂಡು ಅವರು ಊರೊಳಗೆ ನಡೆದರು. ಅತ್ತೆ ಕೊನೆಯಲ್ಲಿ, ಎರಡು ಬೆರಳಿಟ್ಟುಕೊಂಡು. ರಸ್ತೆಯಲ್ಲಿ ಬಸ್ಸುಗಳು ನಿಂತವು. ಕ್ಷೌರದಂಗಡಿಯಿಂದ ಅರ್ಧ ಗಡ್ಡ ಬೋಳಿಸಿಕೊಂಡವನು ಎದ್ದು ಬಂದು ನೋಡಿದ. ಡಬ್ಬಿ ಹಿಡಿದು ಹತ್ತಿದ್ದ ಮೆಟ್ಟಿಲನ್ನೆಲ್ಲ ಮತ್ತೆ ಹತ್ತುವುದೆಂದು ದಂಡೆಯಲ್ಲೇ ಮಾತಾಗಿತ್ತು. ಮೊದಲ ಮನೆ ನೀಲಿ ಗೇಟಿನದು. ಆ ಮನೆಯನ್ನು ಹಗ್ಗದಕ್ಕ ತಾನೇ ಆರಿಸಿದ್ದಳು.

ಅಮ್ಮ ಹೊರಗೆ ಬಂದಳು. "ಮತ್ತೆ ಬಂದ್ರಾ? ಮೊನ್ನೆ ತಾನೇ ಕೊಟ್ಟಿದ್ದೆ."

"ಕೊಟ್ಟಿದ್ರಿ. ಕೊಟ್ಟಿದ್ದು ಏನಾಯ್ತು ಅಂತ ಹೇಳೋಕೆ ಬಂದಿದೀವಿ."

ಮಕ್ಕಳು ಗೇಟಿಗೆ ಓಡಿ ಬಂದವು. "ಕೈ ತೋರ್ಸಿ, ಕೈ ತೋರ್ಸಿ," ಎಂದವು. ಅಮ್ಮನೂ ಅಭ್ಯಾಸಬಲದಿಂದ ಸರಳಿನ ಸಂದಿ ತೋರಿಸಿದಳು.

ಹಗ್ಗದಕ್ಕನ ಎರಡೂ ಕೈ ಹಗ್ಗದ ಮೇಲಿದ್ದವು. ತೆಗೆಯಲಿಲ್ಲ.

"ಕೈ ಆವತ್ತೇ ನೋಡಿದ್ರಲ್ಲ," ಎಂದಳು. "ಇವತ್ತು ಮುಖ ನೋಡಿ. ಗೇಟು ತೆಗೀರಿ."